ಇಲ್ಲದ ಬಂದೂಕನ್ನು ಹಾಜರುಪಡಿಸಲು ಹೇಳಿದವರಿಗೆ

ಆಯುಧ ಪರವಾನಗಿ ಶಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮಣ್ಣನ ಬಳಿ ಇದ್ದದ್ದು ಒಂದೇ ಬಂದೂಕು. ಅದನ್ನು ಅವನು ತಮ್ಮ ನಿಯಮಗಳನ್ನು ಒಂದೊಂದಾಗಿ ಓದಿ, ಒಂದೊಂದಾಗಿ ಪಾಲಿಸಿ, ಪರವಾನಗಿ ಇದ್ದವರಿಗೇ ಮಾರಿದ. ಹನ್ನೊಂದು ದಿನ ಕಳೆದ ಮೇಲೆ ತಮ್ಮ ಕಚೇರಿಯಿಂದ ಒಂದು ಹಿಂಬರಹ ಬಂತು. ಅವನು ಮಾರಿದ್ದು ಎರಡು ಬಂದೂಕಂತೆ. ಆದ್ದರಿಂದ ಇರುವ ಬಂದೂಕನ್ನು ಕೊಂಡವರಿಂದ ವಾಪಸು ತಂದು ಮನೆಯಲ್ಲಿ ಇಟ್ಟುಕೊಳ್ಳಬೇಕಂತೆ, ಇಲ್ಲದ ಬಂದೂಕನ್ನು ಮೂವತ್ತು ದಿನಗಳೊಳಗೆ ತಮ್ಮೆದುರು ಹಾಜರುಪಡಿಸಬೇಕಂತೆ. ಇಲ್ಲದ್ದನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಆಮೇಲೆ. ಇರುವುದು ನಮ್ಮ ಮನೆಗೆ ಮರಳಿ ಇಂದಿಗೆ ಹತ್ತೊಂಬತ್ತು ದಿನವಾಯಿತು. ಅದು ಈ ಮನೆಯಲ್ಲಿ ಒಂದು ದಿನವೂ ಇರಬಾರದಿತ್ತು.

ಈ ಮೊದಲು ತಮಗೆ ಮೂರು ಅರ್ಜಿ ಕಳಿಸಿದ್ದೇನೆ. ಮೂರಕ್ಕೂ ಸ್ವೀಕೃತಿ ಇದೆ, ಒಂದಕ್ಕೂ ಉತ್ತರವಿಲ್ಲ. ಸ್ವೀಕರಿಸುವುದರಲ್ಲಿ ತಮ್ಮ ಕಚೇರಿಯದು ಎತ್ತಿದ ಕೈ ಎಂಬುದನ್ನು ಒಪ್ಪಲೇಬೇಕು. ಅದಕ್ಕೇ ಈ ಸಲ ಊರವರೆಲ್ಲ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ತಮ್ಮ ಹೆಸರು ನನಗೆ ಗೊತ್ತಿಲ್ಲದೆ ಏನಿಲ್ಲ, ಕೋಣೆಯ ಬಾಗಿಲ ಮೇಲೆ ಹಿತ್ತಾಳೆಯ ಫಲಕದಲ್ಲಿ ಹೊಳೆಯುತ್ತಿದೆ. ಆದರೆ ನನ್ನ ಜಗಳ ಆ ಹೆಸರಿನ ಜೊತೆ ಅಲ್ಲ, ಆ ಬಾಗಿಲಿನ ಜೊತೆ. ನಾನು ಬಂದ ಐದು ದಿನವೂ ಅದು ಮುಚ್ಚಿಯೇ ಇತ್ತು.

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ಈ ರಾಮಾಯಣದಲ್ಲಿ ನನ್ನ ಕೈವಾಡವೂ ಇದೆ. ನಾನು ಇಪ್ಪತ್ತಾರು ವರ್ಷಗಳಿಂದ ಒಂದು ಔಷಧ ಉಗ್ರಾಣದಲ್ಲಿ ತಪಾಸಣೆಯ ಕೆಲಸ ಮಾಡುವವಳು. ಲಾರಿಯಿಂದ ಇಳಿದ ಪ್ರತಿ ಪೆಟ್ಟಿಗೆಯ ಬ್ಯಾಚ್ ನಂಬರನ್ನು ನೋಡಿ, ಒಳಗಿನ ಮಾತ್ರೆ ಪಟ್ಟಿಯ ಮೇಲಿನ ನಂಬರಿನ ಜೊತೆ ತಾಳೆ ಹಾಕುವುದು ನನ್ನ ಕೆಲಸ. ಎರಡೂ ಒಂದೇ ಇದ್ದರೆ ಒಂದು ಟಿಕ್ಕು. ಬೇರೆ ಬೇರೆ ಇದ್ದರೆ ಎರಡನ್ನೂ ಬರೆದು, ಯಾವುದು ಎಲ್ಲಿತ್ತು ಎಂದು ಪಕ್ಕದಲ್ಲೇ ನಮೂದಿಸಬೇಕು. ಒಂದನ್ನು ಬಿಟ್ಟರೆ ಯಾರದೋ ಮನೆಯ ಕೂಸಿಗೆ ಅವಧಿ ಮುಗಿದ ಔಷಧ ಹೋದೀತು ಎಂಬ ಭಯದಲ್ಲೇ ನನ್ನ ಕೂದಲು ನೆರೆತಿದೆ. ಮನೆಯಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ. "ಇವಳು ಸಕ್ಕರೆ ಡಬ್ಬ ಎತ್ತಿದ್ರೂ ಮೊದಲು ತಳ ತಿರುಗಿಸಿ ನೋಡ್ತಾಳೆ" ಎಂದು ಅತ್ತಿಗೆ ಬಂದವರ ಮುಂದೆಲ್ಲ ನನ್ನ ಮಾನ ಕಳೆಯುತ್ತಾಳೆ. ಈ ತಳ ತಿರುಗಿಸುವ ಅಭ್ಯಾಸವೇ ತಮ್ಮ ಕಡತದಲ್ಲಿ ಎರಡನೆಯ ಬಂದೂಕನ್ನು ಹುಟ್ಟಿಸಿತು.

ಅಣ್ಣ ಬಸ್ ಡಿಪೋದಲ್ಲಿ ಬ್ರೇಕ್ ಮೇಸ್ತ್ರಿ. ಬೆಳಿಗ್ಗೆ ಹೊರಡುವ ಪ್ರತಿ ಬಸ್ಸಿನ ಕೆಳಗೆ ನುಸುಳಿ, ಎದ್ದು ಬಂದು, ಕೈ ಒರೆಸಿಕೊಂಡು, ಚಾಲಕನ ಪುಸ್ತಕದಲ್ಲಿ ಎರಡು ಮಾತು ಬರೆಯುತ್ತಾನೆ: "ಪರೀಕ್ಷಿಸಿದೆ. ಹೊರಡಬಹುದು." ಈ ಎರಡು ಮಾತು ಬೀಳದೆ ಒಂದು ಬಸ್ಸೂ ಗೇಟು ದಾಟುವಂತಿಲ್ಲ. ತಾವು ಬಸ್ಸಿನಲ್ಲಿ ಓಡಾಡುವವರೋ ಅಲ್ಲವೋ ತಿಳಿಯದು. ಓಡಾಡುವವರಾಗಿದ್ದರೆ ಮೂವತ್ತು ವರ್ಷ ಈ ಮನುಷ್ಯನ ಎರಡು ಮಾತನ್ನು ನಂಬಿಯೇ ಮನೆಗೆ ಮುಟ್ಟಿದ್ದೀರಿ. ಭಾನುವಾರ ಮಾತ್ರ ಅವನದು ಬೇರೆ ಲೋಕ. ಊರಾಚೆ ಒಂದು ಗುರಿ ಮೈದಾನವಿದೆ, ಅಲ್ಲಿ ಯಂತ್ರವೊಂದು ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತದೆ, ಇವರೆಲ್ಲ ಸಾಲಾಗಿ ನಿಂತು ಹೊಡೆಯುತ್ತಾರೆ. ಅಣ್ಣ ಜೀವಮಾನದಲ್ಲಿ ಒಂದು ಗುಬ್ಬಚ್ಚಿಗೂ ಗುಂಡು ಹಾರಿಸಿದವನಲ್ಲ, ಬಿಲ್ಲೆ ಒಡೆಯುವುದಷ್ಟೇ ಅವನ ಹುಚ್ಚು. ಅವನದು ಜೋಡಿನಳಿಗೆಯ ಬಂದೂಕು. ಮೊದಲ ನಳಿಗೆಯ ಗುಂಡು ಅವನಿಗೆ ಯಾವತ್ತೂ ತಾಗುವುದಿಲ್ಲ, ಎರಡನೆಯದು ಯಾವತ್ತೂ ತಪ್ಪುವುದಿಲ್ಲ. ಹಾಗಾಗಿ ಮೈದಾನದಲ್ಲಿ ಅವನಿಗೆ 'ಎರಡನೇ ಏಟು' ಎಂದೇ ಅಡ್ಡಹೆಸರು. ನಡುಮನೆಯ ಗೋಡೆಯಲ್ಲಿ ನಾಲ್ಕು ಬಹುಮಾನದ ಬಟ್ಟಲುಗಳಿವೆ, ನಾಲ್ಕೂ ದ್ವಿತೀಯ ಬಹುಮಾನ.

ಹೋದ ವರ್ಷದ ಕೊನೆಯಿಂದ ಈ ಮನುಷ್ಯ ನಮ್ಮ ಕೈಗೆ ಸಿಗದೆ ಹೋದ. ಮನೆಯಲ್ಲೇ ಇದ್ದ, ಕುರ್ಚಿಯಲ್ಲೇ ಕೂತಿದ್ದ, ಕರೆದರೆ "ಹೂಂ" ಎನ್ನುತ್ತಿದ್ದ, ಆದರೆ ಇರಲಿಲ್ಲ. ಡಿಪೋಗೆ ರಜೆ ಬರೆದ. ಬೂಟಿನ ಲೇಸು ಕಟ್ಟಲು ಬಗ್ಗಿದವನು ಅರ್ಧ ಗಂಟೆ ಹಾಗೇ ಬಗ್ಗಿಕೊಂಡೇ ಇದ್ದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಇದಕ್ಕೆ ದೊಡ್ಡ ಕಾರಣವೊಂದು ಇರಬೇಕು ಎಂದು ನಾವೂ ಹುಡುಕಿದೆವು. ಇರಲಿಲ್ಲ. ಕಾಯಿಲೆಗೆ ಕಾರಣ ಬೇಕೇ? ಒಂದು ಮಧ್ಯಾಹ್ನ ಅತ್ತಿಗೆ ಬಡಿಸುತ್ತಿದ್ದಾಗ ಅವನೇ ಬಾಯಿ ಬಿಟ್ಟ.

"ಪುಟ್ಟೀ, ಆ ಬಂದೂಕನ್ನ ಮಾರಿಬಿಡೋಣ ಕಣೇ."

ನಲವತ್ತೊಂಬತ್ತು ವರ್ಷದ ನನ್ನನ್ನು ಅವನು ಈಗಲೂ ಪುಟ್ಟಿ ಎಂದೇ ಕರೆಯುವುದು. "ಯಾಕಣ್ಣಾ, ಮೈದಾನಕ್ಕೆ ಹೋಗಲ್ವಾ?" ಎಂದು ಕೇಳಿದೆ.

"ಕೆಲವು ದಿನ ನನ್ನ ಮೇಲೆ ನನಗೇ ನಂಬಿಕೆ ಇರಲ್ಲ" ಎಂದ. "ಅದು ಕಪಾಟಲ್ಲಿದೆ ಅನ್ನೋದು ಎಲ್ಲಿ ಕೂತ್ರೂ ತಲೇಲಿ ಓಡಾಡ್ತಾ ಇರುತ್ತೆ. ಮನೆಯಿಂದ ಕಳಿಸ್ಬಿಡು."

ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನನಗೆ ಭಯವಾಯಿತು. ಆದರೆ, ಮಾನ್ಯರೇ, ಆ ಭಯದ ನಡುವೆಯೇ ನನಗೆ ಅಣ್ಣನ ಬಗ್ಗೆ ಹೆಮ್ಮೆಯೂ ಆಯಿತು. ಬ್ರೇಕು ಸರಿಯಿಲ್ಲದ ಬಸ್ಸನ್ನು ಗೇಟಿನಲ್ಲೇ ನಿಲ್ಲಿಸುವವನು ತನ್ನನ್ನೂ ಗೇಟಿನಲ್ಲೇ ನಿಲ್ಲಿಸಿಕೊಂಡಿದ್ದ. ಮಾರನೆಯ ದಿನವೇ ಅವನನ್ನು ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಆಕೆ ಎಲ್ಲ ಕೇಳಿ, ಮಾತ್ರೆ ಬರೆದು, ಪೆನ್ನು ಕೆಳಗಿಟ್ಟು ಹೇಳಿದರು: "ಮಾತ್ರೆ ಹಿಡಿಯೋಕೆ ವಾರಗಳು ಬೇಕು, ಪೂರ್ತಿ ಗುಣ ಆಗೋಕೆ ತಿಂಗಳುಗಳು. ಖಂಡಿತ ಗುಣ ಆಗ್ತಾರೆ. ಆದ್ರೆ ಅಲ್ಲೀವರೆಗೆ ಆ ಬಂದೂಕು ಮನೇಲಿ ಇರಕೂಡದು. ಇದು ಚೀಟಿಲಿ ಬರೆಯೋಕಾಗದ ಔಷಧಿ, ಆದ್ರೆ ಎಲ್ಲಕ್ಕಿಂತ ಮೊದಲು ಕೊಡಬೇಕಾದ್ದು ಇದೇ."

ಮಾರುವುದು ಎಂದರೆ ತರಕಾರಿ ಮಾರಿದಂತಲ್ಲ ಎಂಬುದು ನಮಗೆ ಗೊತ್ತಿತ್ತು. ತಮ್ಮ ಕಚೇರಿಯ ಪುಸ್ತಿಕೆ ತಂದು ನಾನು ಪೆನ್ಸಿಲಿನಿಂದ ಗೆರೆ ಹಾಕುತ್ತ ಓದಿದೆ. ಅದರ ಮೂರನೆಯ ನಮೂನೆಯಲ್ಲಿ 'ಮಾರಾಟದ ಕಾರಣ' ಎಂದೊಂದು ಕಲಂ ಇದೆ. ಪೆನ್ನು ಅಲ್ಲಿಗೆ ಬಂದಾಗ ಅಣ್ಣ ನನ್ನ ಕೈ ಹಿಡಿದ. "ಅದನ್ನ ಮಾತ್ರ ಬರೀಬೇಡ ಪುಟ್ಟೀ. ಬ್ರೇಕಿಗೆ ಸಹಿ ಹಾಕೋನ ತಲೆ ಸರಿ ಇಲ್ಲ ಅಂತ ಸರ್ಕಾರದ ಕಾಗದದಲ್ಲಿ ಬಂದ್ರೆ ನಾಳೆ ಡಿಪೋದಲ್ಲಿ ನನ್ನ ಕೈಗೆ ಸ್ಪ್ಯಾನರ್ ಕೂಡ ಕೊಡಲ್ಲ." ನಾನು 'ಉಪಯೋಗವಿಲ್ಲದ್ದರಿಂದ' ಎಂದು ಬರೆದೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈ ಬರೆದ ಒಂದೇ ಒಂದು ಸುಳ್ಳು ಅದು. ವಿಚಿತ್ರವೆಂದರೆ ತಮ್ಮ ಕಚೇರಿ ಆಕ್ಷೇಪಣೆ ಎತ್ತದೆ ಒಪ್ಪಿದ್ದು ಅದೊಂದನ್ನೇ.

ಕೊಳ್ಳಲು ಬಂದವರು ಕೋಳಿ ಫಾರಂ ನಡೆಸುವ ಒಬ್ಬ ಹೆಂಗಸು. ನರಿಗಳ ಕಾಟ ತಡೆಯಲಾರದೆ ಪರವಾನಗಿ ಮಾಡಿಸಿಕೊಂಡಿದ್ದರು. ಒಳಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ತಮ್ಮ ಲೈಸೆನ್ಸು ಪುಸ್ತಕ ನನ್ನ ಕೈಗಿಟ್ಟರು. "ಮೊದಲು ನನ್ನ ಕಾಗದ ನೋಡಿ, ಆಮೇಲೆ ನಾನು ನಿಮ್ಮ ಬಂದೂಕು ನೋಡ್ತೀನಿ. ಮೊಟ್ಟೆ ಮಾರೋಕೇ ನಾಲ್ಕು ಕಾಗದ ಕೇಳೋ ಜನ, ಇದಕ್ಕೆ ಬಿಡ್ತಾರಾ?" ಎಂದರು. ನನ್ನಂಥವಳೇ ಇನ್ನೊಬ್ಬಳು ಈ ಲೋಕದಲ್ಲಿ ಇದ್ದಾಳಲ್ಲ ಎಂದು ನನಗೆ ಖುಷಿಯಾಯಿತು. ನಕಲು ಪ್ರತಿಯಲ್ಲ, ಮೂಲ ಪುಸ್ತಕವೇ. ಭಾವಚಿತ್ರ ಅವರದೇ, ಮೂಗಿನ ಪಕ್ಕದ ಮಚ್ಚೆಯ ಸಮೇತ. ಅವಧಿ ಇನ್ನೂ ಎರಡು ವರ್ಷ ಇತ್ತು. ಒಂದು ಬಂದೂಕಿಗೆ ಅನುಮತಿ ಇತ್ತು, ಆ ಜಾಗ ಖಾಲಿ ಇತ್ತು. ಇಷ್ಟು ನೋಡುವವರೆಗೆ ಅಣ್ಣ ಕಪಾಟಿನ ಹತ್ತಿರವೂ ಹೋಗಲಿಲ್ಲ. ಆಮೇಲೆ ಬಂದೂಕನ್ನು ತಂದು, ಬಿಚ್ಚಿ, ಖಾಲಿ ಇದೆ ಎಂದು ತೋರಿಸಿ ಮೇಜಿನ ಮೇಲಿಟ್ಟ. ಮಾರುವವನೇ ಅವರ ಪುಸ್ತಕದಲ್ಲಿ ಬಂದೂಕಿನ ವಿವರವನ್ನು, ಅಳಿಸಲಾಗದ ಶಾಯಿಯಲ್ಲಿ, ತನ್ನ ಕೈಯಾರೆ ಬರೆಯಬೇಕು ಎಂಬುದು ತಮ್ಮ ನಿಯಮ. ಅಣ್ಣನೇ ಬರೆದ, ನಾನು ಹೇಳಿಕೊಟ್ಟೆ.

ಇಲ್ಲಿ ತಾವು ಸ್ವಲ್ಪ ಗಮನವಿಟ್ಟು ಓದಬೇಕು, ಏಕೆಂದರೆ ತಮ್ಮ ಕಚೇರಿಯಲ್ಲಿ ಯಾರೂ ಓದಲಿಲ್ಲ. ಒಂಬತ್ತು ವರ್ಷದ ಹಿಂದೆ ಅಣ್ಣನ ಬಂದೂಕಿನ ನಳಿಗೆ ಜೀಪಿನ ಬಾಗಿಲಿಗೆ ಸಿಕ್ಕಿ ನೆಗ್ಗಿತ್ತು. ರಿಪೇರಿಯವನು ಆ ಜೋಡಿಯನ್ನು ತೆಗೆದು ಬೇರೆ ಜೋಡಿ ಹಾಕಿಕೊಟ್ಟ. ಹಾಗಾಗಿ ನಳಿಗೆಯ ಮೇಲೆ ಒಂದು ನಂಬರು, ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆ, ಇರುವ ಉಕ್ಕಿನ ಭಾಗದ ಮೇಲೆ ಇನ್ನೊಂದು ನಂಬರು. ಇದಕ್ಕೆ ತಮ್ಮ ಕಚೇರಿಯೇ ಅಂದು ಒಪ್ಪಿಗೆ ಕೊಟ್ಟು, ಅಣ್ಣನ ಲೈಸೆನ್ಸು ಪುಸ್ತಕದ ಆರನೆಯ ಪುಟದಲ್ಲಿ ಬರೆದು, ಮೊಹರು ಒತ್ತಿದೆ. ಉಗ್ರಾಣದಲ್ಲಿ ನಾನು ಏನು ಮಾಡುತ್ತೇನೋ ಅದನ್ನೇ ಇಲ್ಲೂ ಮಾಡಿದೆ. ಎರಡು ನಂಬರನ್ನೂ ಒಂದರ ಕೆಳಗೊಂದು ಬರೆಸಿ, ಇದು ನಳಿಗೆಯದು, ಇದು ಕುದುರೆಭಾಗದ್ದು ಎಂದು ಪಕ್ಕದಲ್ಲಿ ಹಾಕಿಸಿದೆ. ತಮಗೆ ಏಳು ದಿನದೊಳಗೆ ತಿಳಿಸಬೇಕಾದ ಪತ್ರದಲ್ಲೂ ಹಾಗೆಯೇ ಬರೆದು, ಏಳು ದಿನ ಕಾಯದೆ ಮರುದಿನ ಬೆಳಿಗ್ಗೆಯೇ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ. ಕೊಂಡವರೂ ಅದೇ ದಿನ ಹಾಕಿದರು. ಎರಡು ಪತ್ರಕ್ಕೂ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ.

ಆ ಹನ್ನೊಂದು ದಿನಗಳ ಬಗ್ಗೆ ಹೇಳಬೇಕು. ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಅಣ್ಣ ಖಾಲಿ ಕಪಾಟಿನ ಬಾಗಿಲು ತೆಗೆದು ನೋಡಿ, "ಇದರಲ್ಲಿ ಪೊರಕೆ ಇಡಬಹುದು" ಎಂದ. ಅತ್ತಿಗೆ ಅಡುಗೆಮನೆಗೆ ಹೋಗಿ ಅತ್ತಳು, ಸಂತೋಷಕ್ಕೆ. ಐದನೆಯ ದಿನ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿದ್ದ ಹಿತ್ತಲ ನಲ್ಲಿಯನ್ನು ಬಿಚ್ಚಿ ವಾಷರು ಬದಲಿಸಿದ. ಎಂಟನೆಯ ದಿನ ನನ್ನನ್ನು ನೋಡಿ, "ನಿನ್ನ ಸೈಕಲ್ಲಿನ ಬ್ರೇಕು ಯಾವನೇ ಹಾಕಿದ್ದು, ಕೊಲೆಗಾರ!" ಎಂದು ಬೈದ. ನಮ್ಮ ಮನೆಯಲ್ಲಿ ಆರು ತಿಂಗಳಿಂದ ಯಾರನ್ನೂ ಯಾರೂ ಬೈದಿರಲಿಲ್ಲ. ಆ ಬೈಗುಳ ನನಗೆ ಎಷ್ಟು ಹಿತವಾಯಿತು ಎಂದು ಹೇಳಿದರೆ ತಾವು ನಗುತ್ತೀರಿ.

ಹನ್ನೊಂದನೆಯ ದಿನ ತಮ್ಮ ಹಿಂಬರಹ ಬಂತು. "ಪರಿಶೀಲಿಸಲಾಗಿ, ಸದರಿ ಪರವಾನಗಿದಾರರು ಒಂದು ಆಯುಧಕ್ಕೆ ಮಾತ್ರ ಅನುಮತಿ ಪಡೆದಿದ್ದು, ಎರಡು ಆಯುಧಗಳನ್ನು ಪರಭಾರೆ ಮಾಡಿರುವುದು ಕಂಡುಬಂದಿರುತ್ತದೆ." ಪರಿಶೀಲಿಸಲಾಗಿ ಎಂದರೆ ಏನು ಮಾನ್ಯರೇ? ಯಾರು ಪರಿಶೀಲಿಸಿದರು, ಯಾವ ಕಣ್ಣಿನಿಂದ? ನಂಬರು ಎರಡು ಇದ್ದ ಮಾತ್ರಕ್ಕೆ ಬಂದೂಕು ಎರಡಾಗುವುದಾದರೆ, ಪೆಟ್ಟಿಗೆಗೊಂದು ಪಟ್ಟಿಗೊಂದು ನಂಬರಿರುವ ನಮ್ಮ ಉಗ್ರಾಣದಲ್ಲಿ ಔಷಧ ಬೆಳೆಯುತ್ತಲೇ ಹೋಗಿ ರೋಗವೇ ಉಳಿಯಬಾರದಿತ್ತು. ತಮ್ಮದೇ ಕಚೇರಿ ಬರೆದು ಮೊಹರು ಒತ್ತಿದ ಆರನೆಯ ಪುಟವನ್ನು ತಿರುಗಿಸಿ ನೋಡಲು ಎಷ್ಟು ಹೊತ್ತು ಬೇಕಿತ್ತು? ಆ ಪುಟದ ನಕಲನ್ನು ನಾನೇ ಲಗತ್ತಿಸಿದ್ದೆ. ಲಗತ್ತಿಸಿದ್ದನ್ನು ಓದುವ ಪದ್ಧತಿ ತಮ್ಮಲ್ಲಿ ಇದೆಯೇ, ಅಥವಾ ಗುಂಡುಸೂಜಿ ಚುಚ್ಚಿದಲ್ಲಿಗೆ ಅದರ ಕರ್ತವ್ಯ ಮುಗಿಯಿತೇ?

ಹಿಂಬರಹದ ಎರಡನೆಯ ಭಾಗ ಇನ್ನೂ ಚೆಂದ. ಮಾರಾಟ ತಡೆಹಿಡಿಯಲಾಗಿದೆ, ಆಯುಧವನ್ನು ಹಿಂಪಡೆದು "ಪರವಾನಗಿದಾರರ ವಾಸದ ಮನೆಯಲ್ಲಿಯೇ" ಇಡತಕ್ಕದ್ದು, ಹನ್ನೆರಡನೆಯ ಷರತ್ತಿನಂತೆ ಕಪಾಟಿನ ಕೀಲಿ "ಪರವಾನಗಿದಾರರ ವಶದಲ್ಲಿ ಮಾತ್ರ ಇರತಕ್ಕದ್ದು, ಕುಟುಂಬದವರೂ ಸೇರಿದಂತೆ ಅನ್ಯರಿಗೆ ಸಿಗಕೂಡದು." ಷರತ್ತು ಒಳ್ಳೆಯದೇ, ನಾನು ಅದನ್ನು ಹೀಯಾಳಿಸುವುದಿಲ್ಲ. ಬಂದೂಕು ಬೇರೆಯವರ ಕೈಗೆ ಹೋಗಬಾರದು ಎಂದು ಯೋಚಿಸಿದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಆದರೆ ಅದು ಯಾರ ಕೈಗೆ ಹೋಗಬಾರದೋ ಅವನೇ ಪರವಾನಗಿದಾರನಾದರೆ? ಆ ಪ್ರಶ್ನೆಗೆ ತಮ್ಮ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ. ನಾನು ಹಿಂದಿನಿಂದ ಮುಂದಕ್ಕೂ ಓದಿ ನೋಡಿದ್ದೇನೆ.

ಕೋಳಿ ಫಾರಮ್ಮಿನವರು ಮಾರನೆಯ ದಿನ ಬಂದೂಕು ತಂದುಕೊಟ್ಟರು. ಮುಖ ಕೆಂಪಗಾಗಿತ್ತು. "ತಗೊಳ್ಳಿ, ಒಂದು ತಂದಿದ್ದೀನಿ. ಇನ್ನೊಂದು ಅವರ ಫೈಲಲ್ಲೇ ಇದೆ, ಅಲ್ಲೇ ಹುಡುಕ್ಕೊಳ್ಳಲಿ" ಎಂದರು. ಆಮೇಲೆ ಅಣ್ಣನ ಮುಖ ನೋಡಿ ಮಾತು ನಿಲ್ಲಿಸಿದರು. ಅವನು ಬಾಗಿಲಲ್ಲಿ ನಿಂತು ಆ ಉದ್ದನೆಯ ಚೀಲವನ್ನು ನೋಡುತ್ತಿದ್ದ. ಆಕೆಗೆ ನಾವು ಏನೂ ಹೇಳಿರಲಿಲ್ಲ, ಆದರೆ ಹೆಂಗಸಿನ ಕಣ್ಣಿಗೆ ಹೇಳಬೇಕಾಗಿಯೂ ಇರಲಿಲ್ಲ. ಹೊರಟಾಗ ನನ್ನನ್ನು ಗೇಟಿನ ತನಕ ಕರೆದು, "ನಾನು ಇಟ್ಕೋತಿದ್ದೆ ಕಣ್ರೀ. ಆದ್ರೆ ಇಟ್ಕೊಂಡ್ರೆ ನನ್ನ ಲೈಸೆನ್ಸೂ ಹೋಗುತ್ತೆ, ನಿಮ್ಮಣ್ಣನ ಮೇಲೆ ಕೇಸೂ ಆಗುತ್ತೆ. ಬೇಗ ಏನಾದ್ರೂ ಮಾಡಿ" ಎಂದರು.

ಬೇಗ ಏನಾದರೂ ಮಾಡಲು ನಾನು ತಮ್ಮ ಕಚೇರಿಗೆ ಓಡಿ ಬಂದೆ. ಅರ್ಜಿಯಲ್ಲಿ ಬರೆಯಲಾರದ ಮಾತನ್ನು ಬಾಯಲ್ಲಾದರೂ ಹೇಳೋಣ, ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ ಎಂಬ ಆಸೆ. ತಮ್ಮ ನಾಲ್ಕನೆಯ ಕೌಂಟರಿಗೆ ದಪ್ಪ ಗಾಜು ಹಾಕಿದ್ದಾರೆ, ಕೆಳಗೆ ಕಾಗದ ತೂರುವಷ್ಟೇ ಸಂದಿ. ಒಂದೂವರೆ ಗಂಟೆ ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ, ಗಾಜಿಗೆ ಮುಖ ತಾಗಿಸಿ ಮೆಲ್ಲಗೆ, "ಸ್ವಾಮೀ, ಈ ಬಂದೂಕು ನಮ್ಮನೇಲಿ ಇರೋ ಹಾಗಿಲ್ಲ, ನಮ್ಮಣ್ಣನಿಗೆ..." ಎಂದೆ.

"ಜೋರಾಗಿ ಹೇಳಮ್ಮಾ, ಗಾಜಿದೆ, ಕೇಳಿಸಲ್ಲ" ಎಂದರು ಒಳಗಿದ್ದ ಗುಮಾಸ್ತರು.

"ನಮ್ಮಣ್ಣನಿಗೆ ಹುಷಾರಿಲ್ಲ."

"ಹುಷಾರಿಲ್ದಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಲ್ಲಿ ಯಾಕೆ ಬಂದ್ರಿ? ಏನು ಹುಷಾರಿಲ್ಲ, ಜೋರಾಗಿ ಹೇಳಿ!"

ನನ್ನ ಹಿಂದೆ ಇಪ್ಪತ್ತು ಜನ ಇದ್ದರು. ಅವರಲ್ಲಿ ಇಬ್ಬರು ಗುರಿ ಮೈದಾನದವರು, ಒಬ್ಬ ಡಿಪೋದ ಖಾಕಿ ಅಂಗಿಯವನು. ಎಲ್ಲರ ಕಿವಿಯೂ ನೆಟ್ಟಗಾಗಿತ್ತು. ನನ್ನಣ್ಣ ಯಾರಿಗೂ ಹೇಳಬೇಡ ಎಂದ ಮಾತನ್ನು ನಾನು ಅಲ್ಲಿ ನಿಂತು ಕೂಗಬೇಕಿತ್ತು. "ಏನಿಲ್ಲ ಸ್ವಾಮಿ, ಆಮೇಲೆ ಬರ್ತೀನಿ" ಎಂದು ತಲೆ ತಗ್ಗಿಸಿ ಆಚೆ ಬಂದೆ. ನನ್ನ ಹೇಡಿತನಕ್ಕೆ ನನಗೇ ಹೇಸಿಗೆಯಾಯಿತು. ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ನಿಜಕ್ಕೂ ಕೇಳಿಸುತ್ತಿರಲಿಲ್ಲ. ಕೇಳಿಸದ ಹಾಗೆ ಗಾಜು ಹಾಕಿಸಿ, ಕೇಳಿಸುವ ಹಾಗೆ ಒಂದು ಕೋಣೆಯನ್ನೂ ಇಡದವರು ಯಾರು? ಜನ ತಮ್ಮ ಮನೆಯ ಬಂದೂಕಿನ ಬಗ್ಗೆ ಹೇಳಲು ಬರುವ ಕಚೇರಿಯಲ್ಲಿ ಪಿಸುಗುಟ್ಟಲು ಒಂದು ಜಾಗ ಬೇಡವೇ?

ಬೇರೆ ದಾರಿ ಹುಡುಕಲಿಲ್ಲವೇ ಎಂದು ತಾವು ಕೇಳಬಹುದು. ಹುಡುಕಿದೆ. ಬಂದೂಕಿನ ಅಂಗಡಿಯವನ ಹತ್ತಿರ ಹೋಗಿ, ಕಡತ ಮುಗಿಯುವ ತನಕ ಇಟ್ಟುಕೊಳ್ಳಿ ಎಂದು ಕೈಮುಗಿದೆ. ಅವನು ಹಿಂಬರಹ ಓದಿ ಹೌಹಾರಿದ. "ಇದರ ಪ್ರಕಾರ ನಾನು ಎರಡು ಬರ್ಕೋಬೇಕು. ನೀವು ಒಂದು ತರ್ತೀರಿ. ನಾಳೆ ತಪಾಸಣೆಗೆ ಬಂದೋರು ಇನ್ನೊಂದೆಲ್ಲಿ ಅಂದ್ರೆ ನಾನೇನು ಮಣ್ಣಲ್ಲಿ ಮಾಡಿ ಕೊಡ್ಲಾ?" ಎಂದ. ಪೊಲೀಸ್ ಠಾಣೆಯಲ್ಲಿ, "ವಾಸದ ಮನೇಲೇ ಇಡಬೇಕು ಅಂತ ಸಾಹೇಬ್ರೇ ಬರೆದಿದ್ದಾರಲ್ಲ, ಅವರ ಆರ್ಡರ್ ನಾವು ಹೇಗೆ ಮೀರೋದು?" ಎಂದರು. ಎಲ್ಲರೂ ಕೈ ತೊಳೆದುಕೊಂಡರು, ತೊಳೆಯಲು ನೀರು ತಮ್ಮ ಹಿಂಬರಹದ್ದು. ಒಂದು ಬಂದೂಕನ್ನು ಊರಿನಲ್ಲಿ ಯಾರೂ ಮುಟ್ಟುವಂತಿಲ್ಲ, ಮುಟ್ಟಬಾರದವನೊಬ್ಬನನ್ನು ಬಿಟ್ಟು.

ಈಗ ನಮ್ಮ ಮನೆ ಹೇಗಿದೆ ಎಂದು ತಿಳಿಯುವ ಕುತೂಹಲ ತಮಗೆ ಇದ್ದರೆ ಹೇಳುತ್ತೇನೆ. ಯಾರೂ ಒಂದು ಕಡೆ ಕೂರುವುದಿಲ್ಲ. ಅತ್ತಿಗೆ ತನ್ನ ಹೊಲಿಗೆ ಯಂತ್ರವನ್ನು ಕಿಟಕಿಯ ಬೆಳಕಿನಿಂದ ಎತ್ತಿ ಕಪಾಟಿನ ಬಾಗಿಲಿಗೆ ಒತ್ತಿ ಇಟ್ಟಿದ್ದಾಳೆ. ಕತ್ತಲ ಮೂಲೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ದಿನವಿಡೀ ಹೊಲಿಯುತ್ತಾಳೆ. ಹೊಲಿಯಲು ಬಟ್ಟೆ ಇಲ್ಲದಾಗ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಾಳೆ, ಯಂತ್ರದ ಸದ್ದು ನಿಲ್ಲಬಾರದಲ್ಲ. ನಾನು ಉಗ್ರಾಣದಿಂದ ಊಟದ ಬಿಡುವಿಗೆ ಸೈಕಲ್ಲು ತುಳಿದುಕೊಂಡು ಮನೆಗೆ ಓಡಿ ಬರುತ್ತೇನೆ, ಅಣ್ಣನ ದನಿ ಕೇಳಿ ಮತ್ತೆ ಓಡುತ್ತೇನೆ. ಮೊನ್ನೆ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಂದು ಪೆಟ್ಟಿಗೆಯನ್ನು ನೋಡದೆಯೇ ಟಿಕ್ಕು ಹಾಕಿದೆ. ಗೊತ್ತಾದ ಕೂಡಲೇ ಹೋಗಿ ಆ ಪೆಟ್ಟಿಗೆಯನ್ನು ತೆಗೆಸಿ ನೋಡಿದೆ. ಅಣ್ಣ ನಲ್ಲಿಯನ್ನೂ ಬ್ರೇಕನ್ನೂ ಬಿಟ್ಟು ಮತ್ತೆ ಕುರ್ಚಿಗೆ ಮರಳಿದ್ದಾನೆ. ಮಾತ್ರೆ ತಪ್ಪಿಸುವುದಿಲ್ಲ, ವೈದ್ಯೆಯ ಹತ್ತಿರ ವಾರಕ್ಕೊಮ್ಮೆ ತಪ್ಪದೆ ಹೋಗುತ್ತಾನೆ. ಹೋರಾಡುತ್ತಿದ್ದಾನೆ, ಮಾನ್ಯರೇ. ಅವನು ಹೋರಾಡುತ್ತಿರುವಾಗ ತಾವು ಹೋಗಿ ಎದುರಾಳಿಯ ಕಡೆ ನಿಂತಿದ್ದೀರಿ, ತಮಗೇ ತಿಳಿಯದೆ.

ತಿಳಿಯದೆ ಎಂದು ಬರೆದೆ. ಅದರಲ್ಲಿ ನನ್ನ ತಪ್ಪೂ ಇದೆ. 'ಉಪಯೋಗವಿಲ್ಲದ್ದರಿಂದ' ಎಂದು ಬರೆದವಳು ನಾನೇ. ನಿಜ ಬರೆದಿದ್ದರೆ ಯಾರಾದರೂ ಅವಸರ ಮಾಡುತ್ತಿದ್ದರೇನೋ ಎಂದು ಹತ್ತೊಂಬತ್ತು ದಿನದಿಂದ ನನ್ನನ್ನು ನಾನೇ ಕೊರೆದುಕೊಳ್ಳುತ್ತಿದ್ದೇನೆ. ಆದರೆ ನಿಜ ಬರೆದವನ ಅನ್ನಕ್ಕೆ ಕಲ್ಲು ಬೀಳುವುದಿಲ್ಲ ಎಂಬ ಒಂದು ಸಾಲು ಭರವಸೆ ಆ ಕಲಮ್ಮಿನ ಕೆಳಗೆ ಇದ್ದಿದ್ದರೆ, ನನ್ನಂಥವಳು ಯಾಕೆ ಸುಳ್ಳು ಬರೆಯುತ್ತಿದ್ದಳು?

ನಿನ್ನೆ ಮಧ್ಯಾಹ್ನ ನಾನು ಅಣ್ಣನ ಎದುರು ಕೂತು, "ಪತ್ರಿಕೆಗೆ ಬರೀತೀನಿ ಅಣ್ಣಾ. ಹೆಸರು ಹಾಕಲ್ಲ. ಆದ್ರೂ ಡಿಪೋದೋರಿಗೆ ಗೊತ್ತಾಗೇ ಆಗುತ್ತೆ" ಎಂದೆ. ಅತ್ತಿಗೆಯ ಯಂತ್ರ ನಿಂತಿತು.

"ಬರಿ" ಎಂದ. "ಗಾಜಿನ ಮುಂದೆ ನೀನೊಬ್ಳೇ ಕೂಗೋದಕ್ಕಿಂತ ಇದು ವಾಸಿ. ಬ್ರೇಕು ಹೋಗಿರೋ ಬಸ್ಸನ್ನ ನಿಲ್ಸಿದೆ ಅಂತ ಹೇಳ್ಕೊಳ್ಳೋಕೆ ನಾನ್ಯಾವತ್ತೂ ನಾಚ್ಕೊಂಡಿಲ್ಲ, ಈಗ್ಯಾಕೆ ನಾಚ್ಕೊಳ್ಲಿ?"

ಆದ್ದರಿಂದ ಈಗ ಕೇಳುತ್ತೇನೆ, ಬೇಡುವುದಿಲ್ಲ. ಈ ಪತ್ರ ಅಚ್ಚಾದ ದಿನವೇ ತಮ್ಮ ಕಚೇರಿಯಿಂದ ಒಬ್ಬರು ನಮ್ಮ ಮನೆಗೆ ಬಂದು ಆ ಬಂದೂಕನ್ನು ತಮ್ಮ ಸರ್ಕಾರಿ ಕೊಠಡಿಗೆ ಒಯ್ಯಬೇಕು. ಒಂದು ಬಂದೂಕಿಗೆ ಒಂದು ರಸೀತಿ ಕೊಡಬೇಕು, ಅದರಲ್ಲಿ ಎರಡು ನಂಬರೂ ಇರಬೇಕು. ಆರನೆಯ ಪುಟವನ್ನು ನಿಧಾನವಾಗಿ, ತಮಗೆ ಬಿಡುವಾದಾಗ ಓದಿಕೊಳ್ಳಿ. ಎರಡನೆಯ ಬಂದೂಕು ಹಾಜರಾಗಲು ಇನ್ನು ಹತ್ತು ದಿನ ಉಳಿದಿದೆ, ಅದು ಬಂದರೆ ನನಗೂ ಒಂದು ಮಾತು ತಿಳಿಸಿ, ನೋಡುವ ಆಸೆ ಇದೆ. ಮತ್ತೆ ಆ ಮೂರನೆಯ ನಮೂನೆಯಲ್ಲಿ, ಕಾರಣದ ಕಲಮ್ಮಿನ ಕೆಳಗೆ, ಹೆದರದೆ ನಿಜ ಬರೆಯಬಹುದಾದ ಒಂದು ಚೌಕವನ್ನೂ, ಬರೆದ ದಿನವೇ ಬಂದೂಕು ಒಯ್ಯುವ ಒಂದು ನಿಯಮವನ್ನೂ ಸೇರಿಸಿ. ನಮ್ಮದೊಂದೇ ಮನೆಯಲ್ಲ ಇರುವುದು.

ಯಾರೂ ಬಾರದಿದ್ದರೆ ಮಾರನೆಯ ದಿನ ಹನ್ನೊಂದು ಗಂಟೆಗೆ ನಾನೇ ನಾಲ್ಕನೆಯ ಕೌಂಟರಿಗೆ ಬರುತ್ತೇನೆ. ಈ ಸಲ ಜೋರಾಗಿಯೇ ಹೇಳುತ್ತೇನೆ, ಅಣ್ಣನೂ ಜೊತೆಗಿರುತ್ತಾನೆ. ಬರುವಾಗ ನನ್ನ ಮೇಲೆ ಕ್ರಮ ಜರುಗಿಸಲು ಬೇಕಾದ ಸಾಕ್ಷಿಯನ್ನೂ ತರುತ್ತೇನೆ. ತಮ್ಮ ಹನ್ನೆರಡನೆಯ ಷರತ್ತಿನಂತೆ ಅಣ್ಣನ ವಶದಲ್ಲಿ ಮಾತ್ರ ಇರಬೇಕಾದ ಆ ಕಪಾಟಿನ ಕೀಲಿ, ಬಂದೂಕು ಮರಳಿದ ಗಳಿಗೆಯಿಂದ ಒಂದು ಕಪ್ಪು ದಾರದಲ್ಲಿ ನನ್ನ ಕೊರಳಲ್ಲಿದೆ. ಅದು ಅಪರಾಧ ಎಂದು ಗೊತ್ತು. ದಿನಾ ಬೆಳಿಗ್ಗೆ ಅಣ್ಣ ಎದ್ದು ಬಂದು ಮೊದಲು ಕೇಳುವುದು ಕಾಫಿಯನ್ನಲ್ಲ. "ಪುಟ್ಟೀ, ಕೀಲಿ ಇದೆಯಾ?" ಎನ್ನುತ್ತಾನೆ. ನಾನು ಕೊರಳು ಮುಟ್ಟಿ "ಇದೆ ಅಣ್ಣಾ" ಎನ್ನುತ್ತೇನೆ. ಆಮೇಲೆ ಅವನು ಮುಖ ತೊಳೆಯಲು ಹೋಗುತ್ತಾನೆ. ಇದನ್ನು ಅಪರಾಧ ಎಂದು ಯಾವ ಕಲಮ್ಮಿನಲ್ಲಿ ಬರೆಯುತ್ತೀರೋ ಬರೆದುಕೊಳ್ಳಿ, ಸಹಿ ಹಾಕುತ್ತೇನೆ.

ಇಂತಿ,
ತಮ್ಮ ಹನ್ನೆರಡನೆಯ ಷರತ್ತನ್ನು ಹತ್ತೊಂಬತ್ತು ದಿನಗಳಿಂದ ಕೊರಳಿಗೆ ಕಟ್ಟಿಕೊಂಡು ಮುರಿಯುತ್ತಿರುವ
ಒಬ್ಬ ತಂಗಿ

(ಅಂಚೆಗೆ ಹಾಕುವ ಮೊದಲು ಪತ್ರವನ್ನು ಅಣ್ಣನಿಗೆ ಓದಲು ಕೊಟ್ಟಿದ್ದೆ. ಓದಿ, ನನ್ನ ಪೆನ್ನು ಕೇಳಿ ತೆಗೆದುಕೊಂಡು, ಕೊನೆಯಲ್ಲಿ ಒಂದು ಸಾಲು ಬರೆದ. ರಜೆ ಹಾಕಿದ ಮೇಲೆ ಅವನು ಅದನ್ನು ಬರೆದದ್ದು ಇದೇ ಮೊದಲು. ಹಾಗೆಯೇ ಬಿಟ್ಟಿದ್ದೇನೆ.)

ಪರೀಕ್ಷಿಸಿದೆ. ಹೊರಡಬಹುದು.
ಬ್ರೇಕ್ ಮೇಸ್ತ್ರಿ